ಅಜಿತನ ಪಾಳಿ

“ನಾಳೆ ನಾನೊಬ್ಬನೇ ಸಾಕು. ನೀವು ಬರಬೇಡಿ,” ಎಂದರು ಓನೋ ಸಾನ್, ಬಾಗಿಲ ಹೊರಗೇ ನಿಂತು, ಟೋಪಿ ಕೈಯಲ್ಲಿ ಹಿಡಿದು.

“ಪಟ್ಟಿಯಲ್ಲಿ ಹೆಸರಿದೆ. ಬರ್ತೀನಿ,” ಎಂದಳು ಶರ್ವಾಣಿ, ತನಗೆ ಬರುವಷ್ಟು ಜಪಾನಿಯಲ್ಲಿ.

ಪಟ್ಟಿಯಲ್ಲಿದ್ದದ್ದು ಅವಳ ಗಂಡ ಅಜಿತನ ಹೆಸರು, ಪಾಳಿಯ ಜೊತೆಗಾರ ಓನೋ ಸಾನ್ ಹೆಸರಿನ ಪಕ್ಕದಲ್ಲಿ. ಉತ್ತರ ಜಪಾನಿನ ಒಬಿಹಿರೋದಲ್ಲಿ, ಮಗಳು ಓದುವ ಶಾಲೆಯಲ್ಲಿ, ಚಳಿಗಾಲ ಬಂದರೆ ಮೈದಾನದ ಹಿಮವನ್ನು ತುಳಿದು ಗಟ್ಟಿ ಮಾಡುತ್ತಾರೆ. ಆಮೇಲೆ ದಿನವೂ ಬೆಳಗಿನ ಐದು ಗಂಟೆಗೆ ಅದರ ಮೇಲೆ ನೀರು ಹಾಯಿಸಿ, ಪದರದ ಮೇಲೆ ಪದರ ಹೆಪ್ಪುಗಟ್ಟಿಸಿ, ಸ್ಕೇಟಿಂಗ್ ರಿಂಕ್ ಮಾಡುವುದು ಮಕ್ಕಳ ಅಪ್ಪಂದಿರ ಕೆಲಸ. ಒಂದು ತಿಂಗಳ ಹಿಂದೆ ಅದೇ ಪಾಳಿಗೆಂದು ಹೊರಟ ಅಜಿತ್ ಮನೆಯೆದುರಿನ ಕ್ರಾಸಿಂಗಿನಲ್ಲಿ ಜಾರಿ ಬಿದ್ದ. ತಲೆ ನೆಲಕ್ಕೆ ಬಡಿಯಿತು. ಮತ್ತೆ ಏಳಲಿಲ್ಲ. ಅವನ ಹೆಸರನ್ನು ಹೊಡೆದುಹಾಕಲು ಯಾರಿಗೂ ಕೈ ಬಂದಿರಲಿಲ್ಲ.

ಅವನು ಬಿದ್ದ ಜಾಗದಿಂದ ಎರಡು ಹೆಜ್ಜೆಗೆ ಒಂದು ಪೆಟ್ಟಿಗೆ ಇದೆ. ಅದರೊಳಗೆ ಸಣ್ಣ ಕಪ್ಪು ಜಲ್ಲಿಯ ಚೀಲಗಳು. ಜಾರುವ ಕಡೆ ಯಾರು ಬೇಕಾದರೂ ತೆಗೆದು ಚೆಲ್ಲಬಹುದು. ಆ ಬೆಳಿಗ್ಗೆ ಯಾರೂ ಚೆಲ್ಲಿರಲಿಲ್ಲ. ಈಗ ಶರ್ವಾಣಿ ದಿನಕ್ಕೊಂದು ಚೀಲ ತೆಗೆಯುತ್ತಾಳೆ. ಎಂಟು ವರ್ಷದ ಮಗಳು ಅಮೂಲ್ಯಳ ಮುಂದೆ ಚೆಲ್ಲುತ್ತ ಚೆಲ್ಲುತ್ತ ಶಾಲೆಯ ಗೇಟಿನವರೆಗೆ ನಡೆಯುತ್ತಾಳೆ.

“ಸ್ಟಾಪ್ ಇಟ್, ಅಮ್ಮಾ,” ಎಂದು ಮಗಳು ಮೊನ್ನೆ ಹಲ್ಲು ಕಚ್ಚಿ ಹೇಳಿದ್ದಳು. “ಯುನಾ ಇನ್ ಮೈ ಕ್ಲಾಸ್ ಕಾಲ್ಸ್ ಮೀ ಅ ಹೆನ್.” ಕಾಳು ಚೆಲ್ಲಿಸಿಕೊಂಡು ನಡೆಯುವ ಕೋಳಿಯಂತೆ.

ಓನೋ ಸಾನ್ ಹೋದ ಮೇಲೆ ಶರ್ವಾಣಿ ಮಗಳ ಪಕ್ಕ ಕುಳಿತಳು.

“ನಾಳೆ ಸ್ಕೂಲಿನ ಸ್ಕೇಟಿಂಗ್ ರೇಸ್ ಬೇಡ ಪುಟ್ಟಿ. ಐಸ್ ಫೆಸ್ಟಿವಲ್‌ಗೆ ಹೋಗೋಣ. ಪಾರ್ಕಲ್ಲಿ ಐಸಿಂದೇ ಅರಮನೆ ಕಟ್ಟಿದಾರಂತೆ. ದೀಪ ಹಾಕಿದಾರಂತೆ. ದೊಡ್ಡ ಜಾರುಬಂಡೆ...” ಆ ಮಾತಿಗೆ ಬಂದು ನಿಂತುಬಿಟ್ಟಳು.

“ನೋ. ಐ ಪ್ರಾಮಿಸ್ಡ್ ಪಪ್ಪಾ.” ಅಮೂಲ್ಯ ತಲೆ ಎತ್ತಲಿಲ್ಲ. ಸ್ಕೇಟಿನ ಅಲಗನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು. ಹಾಗೆ ಒರೆಸುವುದನ್ನು ಕಲಿಸಿದ್ದು ಅಜಿತ್.

ಬೆಳಗಿನ ಐದಕ್ಕೆ ಮೈದಾನದಲ್ಲಿ ಮೈನಸ್ ಹದಿನೆಂಟು ಡಿಗ್ರಿ. ಓನೋ ಸಾನ್ ಪೈಪನ್ನು ಅವಳ ಕೈಗೆ ಕೊಟ್ಟರು.

“ಎಲ್ಲೂ ನಿಲ್ಲಬೇಡಿ. ಹಿಂದೆ ಹಿಂದೆ ನಡೀತಾ ಇರಿ. ತೆಳ್ಳಗೆ ಬೀಳಲಿ. ಒಂದೇ ಕಡೆ ಸುರಿದರೆ ಒಳಗೆ ಟೊಳ್ಳಾಗುತ್ತೆ.”

ಶರ್ವಾಣಿ ಎಲ್ಲೂ ನಿಲ್ಲಲಿಲ್ಲ. ನೀರು ಹೊಗೆಯಾಡುತ್ತ ಬಿದ್ದು ಹೊಳೆಯುತ್ತಿತ್ತು.

“ಅಜಿತ್ ಸಾನ್‌ಗೆ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ,” ಎಂದರು ಓನೋ ಸಾನ್. ನಗಿಸಲೆಂದೇ ಹೇಳಿದ್ದು. ಅವಳು ನಗಲಿಲ್ಲ. ಅವರು ನಲ್ಲಿ ನಿಲ್ಲಿಸಲು ಕಟ್ಟಡದ ಹಿಂಬದಿಗೆ ಹೋದರು.

ಅವಳು ಬೆನ್ನಚೀಲದಿಂದ ಎರಡು ಚೀಲ ಜಲ್ಲಿ ತೆಗೆದಳು. ಒಣ ಮಂಜುಗಡ್ಡೆಯ ಮೇಲೆ ಜಲ್ಲಿ ನಿಲ್ಲುವುದಿಲ್ಲ, ಒದ್ದೆಯಿದ್ದರೆ ಕಚ್ಚಿಕೊಳ್ಳುತ್ತದೆ ಎಂಬುದು ಈ ಒಂದು ತಿಂಗಳಲ್ಲಿ ಅವಳಿಗೆ ಗೊತ್ತಾಗಿತ್ತು. ಓಟ ಶುರುವಾಗುವ ಗೆರೆಯಿಂದ ತಿರುವಿನವರೆಗೆ ಎರಡೂ ಚೀಲ ಖಾಲಿ ಮಾಡಿದಳು. ರೇಸ್ ನಡೆಯಬಾರದು. ಅದಕ್ಕಿಂತ ಹೆಚ್ಚೇನನ್ನೂ ಅವಳು ಯೋಚಿಸಿರಲಿಲ್ಲ.

ಮರಳಿ ಬಂದ ಓನೋ ಸಾನ್ ಅವರ ಹಣೆಯ ದೀಪದ ಬೆಳಕು ಕಪ್ಪು ಹರಳುಗಳ ಮೇಲೆ ಬಿತ್ತು. ಅವರು ಅವಳತ್ತ ತಿರುಗಿ ಬಾಗಿದರು.

“ಸುಮಿಮಾಸೆನ್,” ಎಂದರು. ಕ್ಷಮೆ ಕೇಳಿದ್ದು ಅವರು.

ಆಮೇಲೆ ಫೋನ್ ತೆಗೆದು ಇಬ್ಬರು ಮೂವರನ್ನು ಕರೆದರು. ಅಪ್ಪಂದಿರು ಕೆರೆಯುವ ಸಲಿಕೆ, ಬಿಸಿನೀರಿನ ಕೆಟಲ್ ಹಿಡಿದು ಬಂದರು. ಯಾರು ಹಾಕಿದ್ದು ಎಂದು ಒಬ್ಬರೂ ಕೇಳಲಿಲ್ಲ. ಮಂಡಿಯೂರಿ ಕೂತು ಒಂದೊಂದೇ ಹರಳನ್ನು ಕಿತ್ತು, ಮೇಲೆ ಮತ್ತೊಂದು ಪದರ ನೀರು ಹಾಯಿಸುವಷ್ಟರಲ್ಲಿ ಎಂಟಾಯಿತು. ಅವಳು ಖಾಲಿ ಚೀಲಗಳನ್ನು ಮಡಿಸಿ ಹಿಡಿದು ಅಲ್ಲೇ ನಿಂತಿದ್ದಳು.

ರೇಸ್ ಹತ್ತಕ್ಕೆ ಶುರುವಾಯಿತು. ಮೊದಲ ಸುತ್ತಿನಲ್ಲಿ ಅಮೂಲ್ಯ ಎರಡನೆಯವಳಾಗಿದ್ದಳು. ಎರಡನೇ ಸುತ್ತಿನ ತಿರುವಿನಲ್ಲಿ ಅವಳ ಸ್ಕೇಟು ಏನಕ್ಕೋ ತಗುಲಿ ಗಕ್ಕನೆ ನಿಂತಿತು. ಮುಂದಕ್ಕೆ ಬಿದ್ದಳು. ಹೆಲ್ಮೆಟ್ಟು ಮಂಜುಗಡ್ಡೆಗೆ ಬಡಿದ ಸದ್ದು ಇಡೀ ಮೈದಾನಕ್ಕೆ ಕೇಳಿಸಿತು.

ಹುಡುಗಿ ತಾನೇ ಎದ್ದಳು. ಬಿದ್ದ ಕಡೆ ಬಗ್ಗಿ ಏನನ್ನೋ ಹೆಕ್ಕಿಕೊಂಡು, ಮಿಕ್ಕೆಲ್ಲರೂ ಮುಟ್ಟಿದ ಮೇಲೆ ಗೆರೆ ಮುಟ್ಟಿದಳು. ಸುತ್ತ ನಿಂತವರು ಕೈಗವಸು ತೊಟ್ಟ ಕೈಗಳಿಂದ ಮೆತ್ತಗೆ ಚಪ್ಪಾಳೆ ತಟ್ಟಿದರು. ಓನೋ ಸಾನ್ ಮಾತ್ರ ನೆಲ ನೋಡುತ್ತಿದ್ದರು.

ಅಮೂಲ್ಯ ನೇರವಾಗಿ ಅಮ್ಮನ ಬಳಿಗೆ ಬಂದು ಮುಷ್ಟಿ ಬಿಚ್ಚಿದಳು. ಒಳಗೊಂದು ಕಪ್ಪು ಹರಳು. ಒಂದು ತಿಂಗಳಿಂದ ಅದರ ಮೇಲೇ ನಡೆದವಳಿಗೆ ಅದು ಯಾವ ಪೆಟ್ಟಿಗೆಯದೆಂದು, ಯಾರು ಚೆಲ್ಲಿದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಳುತ್ತಿರಲಿಲ್ಲ ಅವಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವಳು ಈಗ ಕನ್ನಡದಲ್ಲಿ ಕೇಳಿದಳು:

“ಅವತ್ತು ಪಪ್ಪಂಗೆ ಯಾಕೆ ಹಾಕ್ಲಿಲ್ಲ ಅಮ್ಮಾ?”