ಅರಫಾತನ ದೋಣಿ

ಸುಲ್ತಾನಾ ಚಕ್ರವನ್ನು ಎಡಕ್ಕೆ ತಿರುಗಿಸಿದಳು. ವರಾಂಡದ ಆ ತುದಿಯಲ್ಲಿದ್ದ ಹಲಗೆ ಎಡಕ್ಕೆ ಹೊರಳಿತು.

"ಈಗ ನೋಡು," ಎಂದು ಯಮನಪ್ಪ ಬಗ್ಗಿ ರಾಟೆಯಿಂದ ತಂತಿ ಜಾರಿಸಿದ. "ಈಗ ತಿರಗಸು."

ಚಕ್ರ ತಿರುಗಿತು. ಹಲಗೆ ಅಲುಗಲಿಲ್ಲ.

"ಹಿಂಗ ನೋಡ್ರಿ ಕಾಕಾ," ಎಂದಳು ಆಕೆ. "ಹಿಂಗ ಅಂದಿದ್ದ ಅರಫಾತ."

ಚಕ್ರ ಹಳೆಯ ಜೀಪಿನದು. ರಾಟೆಗಳು ಬಾವಿಯವು. ನೀರಿನೊಳಗಿದ್ದು ದೋಣಿಯನ್ನು ತಿರುಗಿಸುವ ಚುಕ್ಕಾಣಿಯೆಂದು ನಿಲ್ಲಿಸಿದ್ದ ಹಲಗೆ ಮುರಿದ ಕುರ್ಚಿಯ ಬೆನ್ನು. ಇದನ್ನೆಲ್ಲ ಹೊಂದಿಸಿದ ಯಮನಪ್ಪ ಕಾರವಾರದಲ್ಲಿ ದೋಣಿಗಳ ಚುಕ್ಕಾಣಿ ರಿಪೇರಿ ಮಾಡುತ್ತಲೇ ನೌಕರಿ ಮುಗಿಸಿದವನು. ಮದುವೆಯಾಗಿರಲಿಲ್ಲ. ತಂಗಿಯ ಮನೆ ಹತ್ತಿರವಿರಲೆಂದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬಾಡಿಗೆ ಮನೆ ಹಿಡಿದ. ವರ್ಷ ತುಂಬುವುದರೊಳಗೆ ತಂಗಿಯ ಗಂಡನಿಗೆ ಪುಣೆಗೆ ವರ್ಗವಾಯಿತು. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ಪೆಡಲ್ ದೋಣಿಗಳನ್ನು ಬಿಟ್ಟರೆ ಬೇರೆ ದೋಣಿಯಿಲ್ಲ. ಅವಕ್ಕೂ ಅವನು ಬೇಕಿರಲಿಲ್ಲ. ಎಷ್ಟೋ ದಿನ ಅವನ ಬಾಯಿಂದ ಹೊರಡುವ ಮಾತು ಹಾಲಿನವನಿಗೆ ಹೇಳುವ "ಅರ್ಧಾ ಲೀಟರ್" ಒಂದೇ ಆಗಿರುತ್ತಿತ್ತು.

ಗೋಕುಲ ರಸ್ತೆಯ ಬೇರಿಂಗ್ ಅಂಗಡಿಗೆ ಅವನು ಹೋಗುತ್ತಿದ್ದುದು ಬೇರಿಂಗಿಗಲ್ಲ, ಗ್ರೀಸಿನ ವಾಸನೆಗೆ. ಅಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದವಳು ಹಳೇ ಹುಬ್ಬಳ್ಳಿಯ ಸುಲ್ತಾನಾ. ಒಂದು ದಿನ ಮಾತಿನ ನಡುವೆ ಅವನು ದೋಣಿಯ ಹೆಸರೆತ್ತಿದ. ಆಕೆ ಗಿರಾಕಿಯನ್ನು ಬಿಟ್ಟು ಎದ್ದು ಬಂದಳು. ಆಕೆಯ ತಮ್ಮ ಅರಫಾತ ಗೋವಾದಲ್ಲಿ ಯಾರೋ ಪರದೇಶದವರಿಂದ ಹಳೆಯ ಹಾಯಿದೋಣಿ ಕೊಂಡು ಕಾರವಾರಕ್ಕೆ ತಂದಿದ್ದನಂತೆ. ಚಕ್ರ ತಿರುಗಿದರೂ ದೋಣಿ ತಿರುಗಲಿಲ್ಲವಂತೆ. ಯಾಕಿರಬಹುದು?

ಅವನನ್ನು ಹೀಗೆ ಯಾರಾದರೂ ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ!

ಅಂದಿನಿಂದ ಅಂಗಡಿ ಮುಚ್ಚಿದ ಮೇಲೆ ಆಕೆ ಅವನ ಮನೆಗೆ ಬರತೊಡಗಿದಳು. ಅವನು ಮಧ್ಯಾಹ್ನವೇ ಚಹಾದ ಕಪ್ಪು ತೊಳೆದು ಬೋರಲು ಹಾಕಿಡುತ್ತಿದ್ದ. ಒಂದರ ಪಕ್ಕ ಇನ್ನೊಂದು.

"ಚೈನು ಹಲ್ಲು ಬಿಟ್ಟಿರಬೇಕು," ಎನ್ನುತ್ತಿದ್ದ.

"ಚೈನು ಛಲೋ ಐತಿ ಅಂದಿದ್ದ."

"ತಂತಿ ಸಡ್ಲಾಗಿರಬೇಕು."

"ಬಿಗಿ ಐತಿ ಅಂದಿದ್ದ. ರಾಟಿನೂ ತಿರಗತಾವ ಅಂದಿದ್ದ."

"ಇನ್ನೊಮ್ಮಿ ಫೋನ್ ಹಚ್ಚಿ ಕೇಳು."

"ಅವ ಒಮ್ಮಿ ಹೇಳಿದ್ದ ಮುಗೀತ್ರಿ ಕಾಕಾ."

ಫೋಟೋ ತರಿಸು ಎಂದ. ಅದೂ ಬರಲಿಲ್ಲ. ಒಂದು ಫೋಟೋ ಕಳಿಸಲಾರದ ಸೋಮಾರಿಗೆ ಹಾಯಿದೋಣಿ ಯಾಕೆ ಬೇಕಿತ್ತು ಎಂದು ಕಾಣದ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡ. ಆದರೂ ಒಳಗೊಳಗೇ ಈ ರಿಪೇರಿ ಬೇಗ ಮುಗಿಯದಿರಲಿ ಎಂದುಕೊಂಡ.

ಒಂದು ಸಂಜೆ ಏನೋ ಹೊಳೆಯಿತು. "ಚಕ್ರ ಬಿಗಿ ಇತ್ತೋ, ಹಗರ ಇತ್ತೋ?"

"ಒಂದ ಬೆರಳಿಲೆ ತಿರಗತೈತಿ, ಏನೂ ಭಾರ ಇಲ್ಲ ಅಂದಿದ್ದ."

ಯಮನಪ್ಪ ಕಪ್ಪು ಕೆಳಗಿಟ್ಟ. "ಹಂಗಾರ ಮ್ಯಾಲಿಂದು ಯಾವುದೂ ಕೆಟ್ಟಿಲ್ಲವ್ವಾ. ನೀರಿನ ಕೆಳಗ ಚುಕ್ಕಾಣಿನ ಮುರದ ಬಿದ್ದೈತಿ. ಹಳೀ ದೋಣಿ. ಉಪ್ಪನೀರು ಒಳಗಿಂದೊಳಗ ಅದರ ದಂಡಾ ತಿಂದಿರತೈತಿ. ಹೊರಗ ಏನೂ ಕಾಣೂದಿಲ್ಲ."

"ಅವಗ ಮೊದಲ ಗೊತ್ತಾಗತಿತ್ತೇನ್ರಿ?"

"ಯಾರಿಗೂ ಗೊತ್ತಾಗೂದಿಲ್ಲ."

"ಆವಾಗ ಏನ ಮಾಡಬೇಕ್ರಿ?"

"ಸಮುದ್ರ ತಣ್ಣಗಿದ್ರ ಹಾಯಿ ಎಳದು, ಬಿಟ್ಟು, ಹೆಂಗರ ಮಾಡಿ ದಂಡಿಗೆ ತರಬಹುದು. ಗಾಳಿ ಎದ್ದು, ಒಬ್ಬಾವ ಇದ್ದ ಅಂದ್ರ ಆಗೂದಿಲ್ಲ. ನಾ ಇದ್ರೂ ಆಗೂದಿಲ್ಲ."

ಸುಲ್ತಾನಾಳ ಮುಖ ಅರಳಿತು. ಕಣ್ಣು ತುಂಬಿ ಬಂತು. ಇಂಥ ಸುದ್ದಿಗೆ ಯಾರಾದರೂ ಹಿಗ್ಗುತ್ತಾರೆಯೇ? ಯಮನಪ್ಪನಿಗೆ ತಿಳಿಯಲಿಲ್ಲ.

"ರವಿವಾರ ಅಮ್ಮಿನ್ನ ಕರಕೊಂಡ ಬರತೇನ್ರಿ," ಎಂದು ಆಕೆ ಚಹಾ ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿದಳು.

ತಾಯಿಯನ್ನೂ ಕರೆತರುವುದೆಂದರೆ ಅವನನ್ನು ಕಾರವಾರಕ್ಕೆ ಕರೆಯಲಿಕ್ಕೇ ಇರಬೇಕು. ಅವನು ಅಟ್ಟದಿಂದ ಉಪಕರಣಗಳ ಚೀಲ ಇಳಿಸಿದ. ಪಾನಾಗಳಿಗೆ ಎಣ್ಣೆ ಸವರಿದ. ಎರಡು ಅಂಗಿ ಇಸ್ತ್ರಿ ಮಾಡಿಸಿದ. ರವಿವಾರ ಬೆಳಿಗ್ಗೆ ಹಾಲಿನವನನ್ನು ತಡೆದು ನಿಲ್ಲಿಸಿ ಹೇಳಿದ: "ನಾಳಿಂದ ಎಂಟ ದಿವಸ ಹಾಲ ಬ್ಯಾಡ. ಕಾರವಾರದಾಗ ಕೆಲಸಾ ಬಂದೈತಿ. ನಾನ ಬೇಕಂತ."

ಗುಲ್ಜಾರಬಿ ಮಗಳ ಭುಜ ಹಿಡಿದು ಮೆಟ್ಟಿಲೇರಿದರು. ಸೊರಗಿದ ಮುದುಕಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಚಹಾ ಬೇಡವೆಂದರು.

"ಅಮ್ಮಿಗೂ ತೋರಸ್ರಿ ಕಾಕಾ," ಎಂದಳು ಸುಲ್ತಾನಾ.

ಯಮನಪ್ಪ ತಂತಿಯನ್ನು ರಾಟೆಗೆ ಕೂಡಿಸಿದ, ಹಲಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟ. "ತಿರಗಸ್ರಿ ಅಕ್ಕಾರ."

ಆಕೆ ಎಡಕ್ಕೆ ತಿರುಗಿಸಿದರು. ಬಲಕ್ಕೆ ತಿರುಗಿಸಿದರು. ಮತ್ತೆ ಎಡಕ್ಕೆ, ಎರಡೂ ಕೈ ಹಾಕಿ, ಮೈಯೆಲ್ಲ ಬಾಗಿಸಿ. ತಂತಿ ಓಡಾಡಿತು. ಹಲಗೆ ಬಿದ್ದಲ್ಲೇ ಇತ್ತು. ಸೆರಗು ಜಾರಿದ್ದೂ ಆಕೆಗೆ ಗೊತ್ತಾಗಲಿಲ್ಲ.

"ಎಷ್ಟ ಜೋರ್ ಮಾಡಿದ್ರೂ ಹೊಳ್ಳೂದಿಲ್ಲೇನ್ ಭಾಯಿ?"

"ಇಲ್ರಿ."

"ಮನಸಿದ್ರೂ?"

"ಮನಸ ಎಷ್ಟಿದ್ರೂ ಹೊಳ್ಳೂದಿಲ್ರಿ."

ಗುಲ್ಜಾರಬಿ ಚಕ್ರದ ಮೇಲೆ ಹಣೆಯಿಟ್ಟು ಬಿಕ್ಕಿದರು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯ ಮೇಲೆ ಕೂತರು. ಚಹಾ ಇದ್ದರೆ ಕುಡಿಯುತ್ತೇನೆ ಎಂದರು.

ಯಮನಪ್ಪ ಗಾಬರಿಬಿದ್ದ. "ಅಳಬ್ಯಾಡ್ರಿ ಅಕ್ಕಾರ. ಹೊಸಾ ಚುಕ್ಕಾಣಿ ಮಾಡಿ ನಾ ಕೂಡಸತೇನಿ. ಚಹಾ ಕುಡದು ಹೊಂಡೂಣು, ಬಸ್ಸು ಬಾಳ ಅದಾವ."

ಬಾಗಿಲ ಬಳಿಯ ಚೀಲ ಸುಲ್ತಾನಾಳ ಕಣ್ಣಿಗೆ ಬಿದ್ದದ್ದು ಆಗಲೇ. ಆಕೆ ಅವನನ್ನು ಅಂಗಳಕ್ಕೆ ಕರೆದು ದನಿ ತಗ್ಗಿಸಿದಳು.

"ಹೋದ ವರ್ಷ ದೋಣಿ ಅರಫಾತನ ಜೋಡಿನ ಮುಳಗೇತ್ರಿ ಕಾಕಾ, ಆವತ್ತ ಅಮ್ಮಿ ಫೋನಿನ್ಯಾಗ 'ಹೊಳ್ಳಿ ಬಾ' ಅಂತ ಅತ್ತಾಗ ಚಕ್ರ ಕೆಟ್ಟೈತಿ ಅಂದಿದ್ದ, ತನ್ನ ಜೋಡಿ ಜಗಳಾಡಿ ಹ್ವಾದಾವ ನೆಪಾ ಹೇಳಿದ ಅಂತ ಆಕಿ ಇವತ್ತಿನ ತನಕಾ ತಿಳಕೊಂಡಿದ್ಲು."