ಉಗುರಗಲದ ಹೆಂಗಸು

“ಈ ಸಂಬಂಧ ಇಲ್ಲಿಗೇ ಮುಗಿಯಿತು,” ಎಂದು ರಮಾನಾಥ ಮಾಸ್ತರರು ಕುರ್ಚಿಯಿಂದ ಎದ್ದರು. ತೋರುಬೆರಳು ಮಾತ್ರ ಕಂಪ್ಯೂಟರಿನ ಪರದೆಯನ್ನು ಬಿಟ್ಟು ಕದಲಲಿಲ್ಲ. ಕರಿಹಲಗೆಯ ಕಡೆಗೆ ಚಾಚಿ ಚಾಚಿ ಪಳಗಿದ ಬೆರಳು ಅದು.

ಬೆಳ್ತಂಗಡಿಯ ಆ ಸ್ಟುಡಿಯೋ ಭಾವೀ ಅಳಿಯ ಶ್ರವಣನದು. ಮಾಸ್ತರರು ಹೆಂಡತಿ ಶಶಿಪ್ರಭಾರನ್ನೂ ಮಗಳು ಅಕ್ಷಿತಾಳನ್ನೂ ಕರೆದುಕೊಂಡು ಬಂದದ್ದು ನಿಶ್ಚಿತಾರ್ಥದ ಕರೆಯೋಲೆಗೆ ಫೋಟೋ ಆರಿಸಲು. ಶ್ರವಣ ಒಳಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ಕಾಯುವ ತಾಳ್ಮೆಯಿಲ್ಲದ ಮಾಸ್ತರರು ತಾವೇ ಹುಡುಕತೊಡಗಿ, ‘ಖಾಸಗಿ’ ಎಂಬ ಫೋಲ್ಡರನ್ನು ತೆರೆದಿದ್ದರು. ಪ್ರಾಮಾಣಿಕನ ಬದುಕಿನಲ್ಲಿ ಖಾಸಗಿ ಎಂಬುದೇ ಇರಕೂಡದು ಎಂದು ಏಳನೆಯ ತರಗತಿಗೆ ವರ್ಷವರ್ಷವೂ ಬೋಧಿಸಿದವರು ಅವರು.

ಪರದೆಯ ತುಂಬ ಉಗುರಗಲದ ಚಿತ್ರಗಳು. ಎಲ್ಲದರಲ್ಲಿಯೂ ಒಬ್ಬಳೇ ಹೆಂಗಸು. ಒಂದರಲ್ಲಿ ಕಂಬಕ್ಕೊರಗಿ ಸೆರಗು ಕಚ್ಚಿದ್ದಳು. ಇನ್ನೊಂದರಲ್ಲಿ ಕೈಗನ್ನಡಿ ಹಿಡಿದು ಹುಬ್ಬು ತೀಡುತ್ತಿದ್ದಳು. ಮತ್ತೊಂದರಲ್ಲಿ ಗಂಡಸೊಬ್ಬನ ಹೆಗಲಿಗೆ ತಲೆಯಿಟ್ಟಿದ್ದಳು. ಅವನ ಬೆನ್ನಷ್ಟೇ ಕಾಣುತ್ತಿತ್ತು. ಚಿತ್ರಗಳಿಗೆಲ್ಲ ಒಂದು ಬಗೆಯ ಕೆಂಪು ಛಾಯೆ. ಇಂಥ ಕೆಲಸಕ್ಕೆ ಎಂಥ ಬೆಳಕು ಬೇಕೆಂಬುದು ಮಾಸ್ತರರಿಗೆ ತಿಳಿಯದ್ದೇನಲ್ಲ.

ಅವರು ಶಿಸ್ತಿನ ಮನುಷ್ಯ. ಮೂಡುಬಿದಿರೆಯ ತಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಸಿನಿಮಾ ಕುಣಿತ, ತುಟಿಬಣ್ಣ, ಸೀರೆಯುಟ್ಟ ಹುಡುಗರ ಹಾಸ್ಯ ಎಲ್ಲವನ್ನೂ ನಿಷೇಧಿಸಿದ್ದರು. ಮದುವೆಯ ವರ್ಷ ಬಿಟ್ಟ ಮೀಸೆಯನ್ನು ಇಂದಿಗೂ ಅಡಿಪಟ್ಟಿ ಇಟ್ಟಂತೆ ಕತ್ತರಿಸುತ್ತಿದ್ದರು. ಬರುವ ತಿಂಗಳು ತಮಗೆ ಅರವತ್ತು ತುಂಬಿದರೂ ಆಡಂಬರ ಕೂಡದೆಂದು ಮನೆಯಲ್ಲಿ ಆಜ್ಞೆ ಹೊರಡಿಸಿದ್ದರು.

ಒಳಕೋಣೆಯಿಂದ ಹೊರಬಂದ ಶ್ರವಣ ಪರದೆಯನ್ನು ಕಂಡು ಬಿಳಿಚಿಕೊಂಡ. “ಸರ್, ಅದನ್ನು ನೀವು ನೋಡಬಾರದಿತ್ತು.”

“ಯಾರವಳು?”

“ಹೇಳುವ ಹಾಗಿಲ್ಲ. ಮಾತು ಕೊಟ್ಟಿದ್ದೇನೆ.”

ಯಾರಿಗೆ ಎಂದು ಕೇಳಿದರೆ ಅವನ ಕಣ್ಣು ಸೋಫಾದತ್ತ ಕಳ್ಳನಂತೆ ಹೋಗಿ ಬಂತು. ಅಲ್ಲಿ ತಾಯಿಯ ಪಕ್ಕದಲ್ಲಿ ಕುಳಿತಿದ್ದ ಅಕ್ಷಿತಾಳ ಕಣ್ಣು ತುಂಬಿತ್ತು.

“ನಿಮಗೆ ಅವಳ ಗುರ್ತ ಉಂಟಾ?” ಎಂದಳು.

“ಉಂಟು,” ಎಂದ ಶ್ರವಣ, ನೆಲ ನೋಡುತ್ತ. “ನಿನಗೂ ಉಂಟು.”

ಗೆಳತಿಯರಲ್ಲೇ ಒಬ್ಬಳೆಂದಾಯಿತು. ಮಾಸ್ತರರ ರಕ್ತ ಕುದಿಯಿತು. ಮಗಳ ಬಾಳು ಹಾಳಾಗುವುದನ್ನು ದೇವರೇ ತಡೆದನೆಂದುಕೊಂಡು ಹೆಂಡತಿಯನ್ನು ಕರೆದು ತೋರಿಸಿದರು. ಶಶಿಪ್ರಭಾ ಬಗ್ಗಿ ನೋಡಿ ತುಟಿ ಕಚ್ಚಿ ಹಿಡಿದರು.

“ಸಣ್ಣದರಲ್ಲೇ ಇರಲಿ ಮಾರಾಯ್ರೆ, ದೊಡ್ಡದು ಮಾಡುವುದು ಬೇಡ. ಮದುವೆಗೆ ಮೊದಲಿನ ವಿಷಯ ಈಗ ಯಾಕೆ?”

“ಮದುವೆಗೆ ಮೊದಲು ನಡತೆಗೆಟ್ಟವರು ಆಮೇಲೆ ಯಾವ ಮುಖ ಹೊತ್ತು ಊರಿಗೆ ಬುದ್ಧಿ ಹೇಳುವುದು?” ಎಂದರು ಮಾಸ್ತರರು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದಿದ್ದ ಹಳೆಯ ವಿದ್ಯಾರ್ಥಿನಿ ಜುಲೈಕಾ ಒಳಕೋಣೆಯ ಬಾಗಿಲ ಪರದೆಯ ಸಂದಿಯಿಂದ ಇಣುಕುತ್ತಿದ್ದಳು. ಅವಳನ್ನೂ ಸಾಕ್ಷಿಗೆ ನಿಲ್ಲಿಸಿದರು. “ಸತ್ಯವನ್ನು ಉಗುರಗಲ ನೋಡಬಾರದು. ಪೂರ್ತಿ ಗಾತ್ರದಲ್ಲಿ ತೋರಿಸು.”

ಶ್ರವಣ ಅತ್ತೆಯಾಗುವವರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಮೌಸ್ ಒತ್ತಿದ.

ಹೆಂಗಸು ಪರದೆಯ ತುಂಬ ನಿಂತಳು. ಬೆನ್ನ ಹಿಂದಿನ ಬಟ್ಟೆಯ ಮೇಲೆ ನಾರಾವಿಯ ಯುವಕ ಮಂಡಲದ ನಾಟಕದ ಹೆಸರು ಸ್ಪಷ್ಟವಾಗಿ ಕಂಡಿತು. ಹಳೆಯ ಫೋಟೋ, ಬಣ್ಣ ಕೆಟ್ಟು ಕೆಂಪಾಗಿತ್ತು. ತೀಡಿದ ಎಡಹುಬ್ಬಿನ ಮೇಲೊಂದು ಗಾಯದ ಗೆರೆ. ಮಾಸ್ತರರ ಬೆರಳು ಪರದೆಯನ್ನು ಬಿಟ್ಟು, ಮೆಲ್ಲನೆ ತಮ್ಮ ಎಡಹುಬ್ಬಿನ ಮೇಲಿನ ಗೆರೆಯನ್ನು ಮುಟ್ಟಿತು.

ಜುಲೈಕಾ ಬಾಯಿಗೆ ಸೆರಗು ಒತ್ತಿಕೊಂಡಳು.

“ನಿಮ್ಮ ಅರವತ್ತರ ದಿನಕ್ಕೆಂದು ಸರಿ ಮಾಡ್ಲಿಕ್ಕೆ ನಾನೇ ಕೊಟ್ಟದ್ದು,” ಎಂದರು ಶಶಿಪ್ರಭಾ. “ಇನ್ನು ಅಕ್ಷಿತಾಳ ಫೋಟೋ ಆರಿಸುವ. ಫೋಟೋದ ಈ ಹುಡುಗಿಯನ್ನು ನಾಟಕದಲ್ಲಿ ನೋಡಿಯೇ ನಾನು ಮದುವೆಗೆ ಒಪ್ಪಿದ್ದು. ಮೀಸೆ ಬಂದದ್ದು ಆಮೇಲೆ.”