ಲೌಡ್ ಹುಡುಗಿ

"ನೀನು ತುಂಬಾ ಲೌಡ್," ಎಂದು ಮ್ಯಾನೇಜರು ಪಿಸುಗುಟ್ಟಿದರು. ಸೇಲ್ಸ್ ಹುಡುಗಿ ಈ ಮಾತು ಕೇಳಿ ಕೇಳಿ ರೋಸಿಹೋಗಿದ್ದಳು.

"ಸಾರ್, ಇಲ್ಲಿಗೆ ಬರೋರಿಗೆ ಕಿವಿ ಕೇಳ್ಸಲ್ಲ. ಜೋರಾಗಿ ಮಾತಾಡ್ದೆ ಇನ್ನೇನ್ ಮಾಡ್ಲಿ?"

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದು ಕಿವಿ ಮಿಷನ್ ಮಾರುವ ಅಂಗಡಿ. ಆದರೆ ಮ್ಯಾನೇಜರು ಈಚೆಗೆ ಅದೆಂಥದೋ ತರಬೇತಿಗೆ ಹೋಗಿ, ಬರುವಾಗ ಈ ಒಂದು ಪದವನ್ನು ಕಟ್ಟಿಕೊಂಡು ಬಂದಿದ್ದರು. ಅಂದಿನಿಂದ ಗೋಡೆಯ ಬಣ್ಣ ಲೌಡ್, ಅವಳ ಚಪ್ಪಲಿ ಲೌಡ್, ಅವಳ ನಗು ಲೌಡ್. ಫೋನಿನಲ್ಲಿ ಡ್ರೈವರನ ಮೇಲೆ ತಾವು ಹಾರಾಡುವಾಗ ಶೋಕೇಸಿನ ಗಾಜು ಅದುರಿದರೂ ಅದು ಮಾತ್ರ ಕಂಟ್ರೋಲ್.

"ಲೌಡ್ ಅಂದ್ರೆ ಬರೀ ದನಿ ಅಲ್ಲಮ್ಮ, ಸಂಸ್ಕಾರ," ಎಂದರು. "ನಾಳೆ ಯಜಮಾನ್ರು ಬರ್ತಾರೆ. ನಿನ್ನ ಕೆಲಸ ಖಾಯಂ ಮಾಡೋದು ಬಿಡೋದು ಅವರಿಗೆ ಸೇರಿದ್ದು. ನಾನಂತೂ ಇದ್ದದ್ದು ಇದ್ದ ಹಾಗೆ ಹೇಳೋನು."

ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಮರುದಿನ ಯಜಮಾನರು ಬಂದಾಗ ಅಂಗಡಿ ತುಂಬ ಗಿರಾಕಿಗಳಿದ್ದರು. ಊರಿನ ಅರ್ಧ ಕಿವಿಗಳಿಗೆ ಮಿಷನ್ ಮಾರಿದ ಈ ಮಹಾನುಭಾವರು ತಮ್ಮ ಮಂದ ಕಿವಿಗೆ ಮಾತ್ರ ಒಂದೂ ಹಾಕಿಸಿಕೊಂಡಿರಲಿಲ್ಲ. ಹಾಕಿದರೆ ಮುದುಕನಂತೆ ಕಾಣುತ್ತೇನೆಂಬ ಬಿಂಕ. ಮ್ಯಾನೇಜರು ಬಗ್ಗಿ ಮೆತ್ತಗೆ, "ಈ ಹುಡುಗಿ ಸ್ವಲ್ಪ ಲೌಡ್ ಸಾರ್," ಎಂದರು.

"ಆಂ? ಏನ್ರೀ?"

"ಲೌಡ್ ಸಾರ್."

"ಏನೂ?"

"ಲೌಡ್! ಈ ಹುಡುಗಿ ಲೌಡ್!" ಮ್ಯಾನೇಜರ ಕತ್ತಿನ ನರ ಉಬ್ಬಿತು. ಇನ್ನೂ ಮಿಷನ್ ಕೊಳ್ಳದ ಗಿರಾಕಿಗಳೂ ತಿರುಗಿ ನೋಡಿದರು.

ಯಜಮಾನರ ಮುಖ ಅರಳಿತು. "ಭೇಷ್! ಗಂಡಸಿನ ಗತ್ತು ಅಂದ್ರೆ ಇದು ಕಣ್ರೀ!" ಎಂದು ಮ್ಯಾನೇಜರ ಬೆನ್ನು ತಟ್ಟಿದರು. ಆಮೇಲೆ ಹುಡುಗಿಯತ್ತ ಬೆರಳಾಡಿಸಿ, "ಹೆಣ್ಮಕ್ಕಳು ಲೌಡ್ ಆಗ್ಬಾರ್ದಮ್ಮ. ಮೆತ್ತಗೆ ಮಾತಾಡೋದು ಕಲಿ, ಇಲ್ದಿದ್ರೆ ನಾಳೆಯಿಂದ ಬರ್ಬೇಡ. ಎಲ್ಲಿ, ಮಾತಾಡು ನೋಡೋಣ," ಎಂದರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕೈ ಕಟ್ಟಿ, ತಲೆ ತಗ್ಗಿಸಿ, ತುಟಿಯ ಮೇಲೆ ಸಿಹಿಯಾದ ನಗು ತಂದುಕೊಂಡು ಪಿಸುದನಿಯಲ್ಲಿ ಹೇಳಿದಳು: "ಅಂಗಡಿ ತುಂಬಾ ಮಿಷನ್ ಇಟ್ಕೊಂಡು ಒಂದು ಹಾಕ್ಕೊಳ್ಳೋಕೆ ನಾಚ್ಕೋತೀರಲ್ಲ ಸಾರ್, ನಿಮ್ಮಂಥ ಪೆದ್ದರನ್ನ ನಾನೆಲ್ಲೂ ನೋಡಿಲ್ಲ."

ಪಕ್ಕದಲ್ಲೇ ಇದ್ದ ಮ್ಯಾನೇಜರಿಗೆ ಅದು ಚೆನ್ನಾಗಿಯೇ ಕೇಳಿಸಿತು. ಬಾಯಿ ತೆರೆದರು. ಆದರೆ ಅದನ್ನು ಯಜಮಾನರ ಕಿವಿಗೆ ಮುಟ್ಟಿಸಬೇಕಾದರೆ ಇಡೀ ಅಂಗಡಿಯೆದುರು ಅವರನ್ನು ಪೆದ್ದ ಎಂದು ತಾವೇ ಕೂಗಬೇಕಿತ್ತು. ಬಾಯಿ ಮುಚ್ಚಿದರು.

"ಎಷ್ಟು ಬೇಗ ಕಲಿತ್ಳು ನೋಡ್ರಿ!" ಯಜಮಾನರು ತಲೆದೂಗಿದರು. "ಕೆಲಸ ಖಾಯಂ ಮಾಡಿ. ಹೊಸದಾಗಿ ಬರೋ ಹುಡುಗೀರಿಗೆಲ್ಲ ಇವಳೇ ಕಲಿಸ್ಲಿ, ನನ್ನ ಹತ್ರ ಹೇಗೆ ಮಾತಾಡ್ಬೇಕು ಅಂತ."